ಹೆಚ್ಚು ಬೆಳಗಿದ ಟೆಸ್ಟರ್

ಇಲ್ಲಿ ಬರೆದ ಎಲ್ಲವೂ ಬರೆದ ಹಾಗೆಯೇ ನಡೆದಿತ್ತು ಎಂದು ಆಣೆ ಮಾಡಿ ಹೇಳಲಾರೆ. ಆ ದಿನಗಳ ನನ್ನ ದಿನಚರಿ ಈಗಲೂ ನನ್ನ ಬಳಿ ಇದೆ. ಆದರೆ ಅದರಲ್ಲಿರುವುದಕ್ಕೂ ನನ್ನ ತಲೆಯಲ್ಲಿರುವುದಕ್ಕೂ ಕೆಲವು ಕಡೆ ತಾಳೆಯಾಗುವುದಿಲ್ಲ. ಸೇಲ್ ಹಾಕಿದ್ದ ಡೇರೆ ನನ್ನ ನೆನಪಿನಲ್ಲಿ ಹಳದಿ. ದಿನಚರಿಯಲ್ಲಿ ‘ಹಸಿರು ತಾಡಪತ್ರಿ’ ಎಂದಿದೆ. ಒಡೆದ ಟೆಸ್ಟರುಗಳಲ್ಲಿ ಕೆಟ್ಟವು ಏಳು ಎಂದು ನಾನು ಎಷ್ಟೋ ಜನರಿಗೆ ಹೇಳಿದ್ದೇನೆ; ದಿನಚರಿಯಲ್ಲಿ ಆ ಅಂಕಿಯ ಮೇಲೆ ಎಣ್ಣೆಯ ಕಲೆ ಬಿದ್ದು ಅದು ಒಂಬತ್ತೂ ಇರಬಹುದು ಅನ್ನಿಸುತ್ತದೆ. ನನ್ನ ಸೋದರಮಾವನ ವಿಷಯದಲ್ಲೂ ಒಂದು ಸಂಗತಿ ಹೀಗೇ ಇದೆ. ನನಗೆ ಖಚಿತವಾಗಿ ನೆನಪಿರುವುದು ಒಂದೇ, ಅಸಹ್ಯ. ಅದು ಮಾತ್ರ ಸ್ವಲ್ಪವೂ ಮಾಸಿಲ್ಲ.

ಎಂಬತ್ತರ ದಶಕದ ಕೊನೆಯ ಭಾಗ. ಜಮಖಂಡಿಯ ಒಂದು ಖಾಸಗಿ ಕಾಲೇಜಿನಲ್ಲಿ ಹುಡುಗಿಯರಿಗೆ ಮನೆ ವೈರಿಂಗ್ ಮತ್ತು ಮೋಟಾರು ದುರಸ್ತಿ ಕಲಿಸುವ ಕೋರ್ಸು ಶುರುವಾಗಿತ್ತು. ಭೌತಶಾಸ್ತ್ರದ ಎಂ.ಎಸ್ಸಿ. ಮಾಡಿದವಳು ಎಂಬ ಕಾರಣಕ್ಕೆ ಅದನ್ನು ನನ್ನ ಕೊರಳಿಗೆ ಕಟ್ಟಿದರು. ಹದಿನೆಂಟು ಹುಡುಗಿಯರು. ಹೆಚ್ಚಿನವರು ರಬಕವಿ, ಬನಹಟ್ಟಿ, ಚಿಮ್ಮಡದ ಕಡೆಯವರು. ಮನೆಯಲ್ಲೋ ಪಕ್ಕದ ಮನೆಯಲ್ಲೋ ವಿದ್ಯುತ್ ಮಗ್ಗ ಇದ್ದವರು. ಮೋಟಾರಿನ ಸದ್ದು ಕೇಳಿ ಬೇರಿಂಗ್ ಹೋಗಿದೆ ಎಂದು ಅವರು ಹೇಳುತ್ತಿದ್ದರು. ನಾನು ಬೋರ್ಡಿನ ಮೇಲೆ ಓಮನ ನಿಯಮ ಬರೆಯುತ್ತಿದ್ದೆ.

ಪ್ರತಿ ಹುಡುಗಿಗೂ ಒಂದು ತಗಡಿನ ಪೆಟ್ಟಿಗೆ, ಅದರಲ್ಲಿ ಎಂಟು ಸಲಕರಣೆ ಕೊಡಬೇಕಿತ್ತು. ಪಕ್ಕಡ್ ಅಂದರೆ ಇಕ್ಕಳ, ಸ್ಕ್ರೂಡ್ರೈವರ್, ಕರೆಂಟು ಇದೆಯೇ ಎಂದು ನೋಡುವ ಟೆಸ್ಟರ್, ಸುತ್ತಿಗೆ, ಬೋಲ್ಟು ತಿರುಗಿಸುವ ಪಾನಾ, ಅಳತೆಯ ಟೇಪು, ಕಬ್ಬಿಣ ಕೊಯ್ಯುವ ಗರಗಸ, ಲೋಹ ಉಜ್ಜುವ ಅರ. ಮಂಜೂರಾದ ಹಣದಲ್ಲಿ ಒಳ್ಳೆಯ ಕಂಪನಿಯ ಪಕ್ಕಡ್ ಮತ್ತು ಟೆಸ್ಟರ್ ಕೊಂಡರೆ ಉಳಿದ ಆರಕ್ಕೆ ಏನೂ ಉಳಿಯುತ್ತಿರಲಿಲ್ಲ. ಆರನ್ನು ಬಿಟ್ಟು ಎರಡನ್ನೇ ಕೊಳ್ಳೋಣ ಎಂದೆ. ಪ್ರಾಚಾರ್ಯರು ಒಪ್ಪಲಿಲ್ಲ.

“ಮೇಡಂ, ದಸರಾ ಸೂಟಿಗಿಂತ ಮೊದಲ ಖಂಡೇಪೂಜಿ, ಹತ್ಯಾರದ ಪೂಜಿ ಐತಿ. ಆಡಳಿತ ಮಂಡಳಿಯವರು ಬರತಾರ. ಹದಿನೆಂಟು ಪೆಟಗಿ ಸಾಲಾಗಿ ಇಟ್ಟು ಫೋಟೋ ತಗೀಬೇಕು. ಪೆಟಗ್ಯಾಗ ಎರಡ ಹತ್ಯಾರ ಇದ್ದರ ಫೋಟೋದಾಗ ಹೆಂಗ ಕಾಣಸ್ತೈತಿ?”

ಅದೇ ವಾರ ಸೋದರಮಾವ ಮನೆಗೆ ಬಂದ. ಬನಹಟ್ಟಿಯಲ್ಲಿ ಅವನದು ಹನ್ನೆರಡು ಮಗ್ಗದ ಶೆಡ್ಡು. ವೈರಿಂಗು, ಸ್ಟಾರ್ಟರ್ ದುರಸ್ತಿ ಎಲ್ಲ ಅವನೇ ಮಾಡಿಕೊಳ್ಳುತ್ತಿದ್ದ. ಬೇರೆ ಗಂಡಸರ ಅಂಗಿಯ ಕಿಸೆಯಲ್ಲಿ ಪೆನ್ನು ಇರುವಂತೆ ಅವನ ಕಿಸೆಯಲ್ಲಿ ಜೇನುಬಣ್ಣದ ಹಿಡಿಕೆಯ ಟೆಸ್ಟರ್ ಇರುತ್ತಿತ್ತು. ನಾನು ಶಾಲೆಗೆ ಹೋಗುತ್ತಿದ್ದಾಗಿನಿಂದ ಅದೇ ಟೆಸ್ಟರ್.

“ಏನ್ ಬೇ ಮಾಸ್ತರಣಿ, ಮಾರಿ ಯಾಕ ಸಣ್ಣದ ಮಾಡಿ?” ಎಂದ. ಪೆಟ್ಟಿಗೆಗಳ ತೊಂದರೆ ಹೇಳಿದೆ.

“ಇಷ್ಟಕ್ಕೇನ? ಬಸ್‌ಸ್ಟ್ಯಾಂಡ್ ಹಿಂದ ಹರೇಕ ಮಾಲ್ ಡೇರೆ ಹಾಕ್ಯಾರ. ಯಾವ ಹತ್ಯಾರ ತಗೊಂಡ್ರೂ ಒಂದ ರೇಟು. ನಾನೂ ಒಂದ ಡಜನ್ ಟೆಸ್ಟರ್ ಒಯ್ದೇನಿ, ನಮ್ಮ ಮಗ್ಗದ ಮಂದಿಗೆ. ನಡಿ, ನಾ ಬರತೇನಿ.”

ಡೇರೆಯ ಒಳಗೆ ಕಾಲಿಟ್ಟ ಕೂಡಲೇ ಮೂಗಿಗೆ ಬಡಿದ ವಾಸನೆ ಈಗಲೂ ನೆನಪಿದೆ: ಸೀಮೆಎಣ್ಣೆ, ಹೊಸ ರೆಕ್ಸಿನ್ನು, ಬೆವರು, ತುಕ್ಕು ಮುಚ್ಚಲು ಬಳಿದ ಹಳಸಿದ ಗ್ರೀಸು. ಬಾಚಣಿಗೆ, ಜರಡಿ, ದೇವರ ಫೋಟೋ, ಪಾನಾ ಎಲ್ಲ ಒಂದೇ ಮಂಚದ ಮೇಲೆ ರಾಶಿ. ಮಾರುವವನು ಹೊರಗಿನವನು; ಅರ್ಧ ಹಿಂದಿ, ಅರ್ಧ ಕನ್ನಡ.

“ಉಠಾವ್ ಮೇಡಂ, ಉಠಾವ್! ಲೋಖಂಡ, ಕಬ್ಬಿಣ ಐತ್ರಿ ಇದು, ನಿಮ್ಮ ಮೊಮ್ಮಕ್ಕಳ ಕಾಲಕ್ಕೂ ಏನ್ ಆಗಲ್ಲ!”

ಒಂದು ಪಾನಾ ಎತ್ತಿದೆ. ಬೆರಳಿಗೆ ಬೆಳ್ಳಿ ಬಣ್ಣದ ಪುಡಿ ಅಂಟಿತು. ನನಗೆ ಆಗಲೇ ಹೇಸಿಕೆಯಾಗಿತ್ತು. ಆದರೂ ಹೊರಗೆ ಬರಲಿಲ್ಲ. ಹದಿನೆಂಟು ಪೆಟ್ಟಿಗೆ ತುಂಬಬೇಕು ಎಂಬುದೊಂದೇ ತಲೆಯಲ್ಲಿತ್ತು.

ಟೆಸ್ಟರುಗಳನ್ನು ಮಾತ್ರ ನೋಡಿಯೇ ಕೊಳ್ಳುತ್ತೇನೆ ಎಂದು ಪಟ್ಟು ಹಿಡಿದೆ. ಅವನು ಬೊಂಬಿನ ಕಂಬಕ್ಕೆ ಕಟ್ಟಿದ್ದ ಬೋರ್ಡ್ ತೋರಿಸಿದ. ಒಣ ನೆಲ, ನನ್ನ ಕಾಲಲ್ಲಿ ಕೊಲ್ಹಾಪುರಿ ಚಪ್ಪಲಿ. ಒಂದೊಂದೇ ಟೆಸ್ಟರನ್ನು ಪ್ಲಗ್ಗಿನ ತೂತಿನಲ್ಲಿಟ್ಟು, ಹಿಡಿಕೆಯ ತುದಿಯ ಲೋಹದ ಟೋಪಿಯ ಮೇಲೆ ಬೆರಳಿಟ್ಟು ನೋಡಿದೆ. ಕೆಲವು ಮಂಕಾಗಿ ಹೊತ್ತಿದವು. ಕೆಲವು ಚೆನ್ನಾಗಿ ಹೊತ್ತಿದವು. ಚೆನ್ನಾಗಿ ಹೊತ್ತಿದವನ್ನು ಒಂದು ಕಡೆ ಇಟ್ಟೆ; ಅವು ಹದಿನೆಂಟಕ್ಕೆ ಸಾಲದೆ ಉಳಿದಷ್ಟನ್ನು ಮಂಕಾದವುಗಳಿಂದಲೇ ತುಂಬಿಕೊಂಡೆ. ಒಂದಂತೂ ಎಲ್ಲಕ್ಕಿಂತ ಹೆಚ್ಚು ಕೆಂಪಗೆ ಬೆಳಗಿತು; ಬೆರಳ ತುದಿ ಸಣ್ಣಗೆ ಜುಮ್ಮೆಂದಿತು. ಒಳ್ಳೆಯ ಮಾಲು ಎಂದುಕೊಂಡೆ. ಗುರುತಿಗೆ ಅದರ ಕೊರಳಿಗೆ ನೀಲಿ ನೂಲು ಕಟ್ಟಿದೆ. ಟೆಸ್ಟರಿನ ಒಳಗೆ ಏನಿರುತ್ತದೆ, ಬೆರಳು ಯಾಕೆ ಜುಮ್ಮೆನ್ನಬಾರದು ಎಂದು ಪರೀಕ್ಷೆಯಲ್ಲಿ ಚಿತ್ರ ಬಿಡಿಸಿ ಅಂಕ ಪಡೆದವಳು ನಾನು.

“ಮಾಮಾ, ನೀನೂ ಒಂದೆರಡು ನೋಡು” ಎಂದೆ.

“ನೀ ಓದಿದಾಕಿ. ನೀನ ನೋಡು” ಎಂದು ಅವನು ಸೈಕಲ್ ಬೀಗದ ಕಡೆ ಹೋದ.

ಕಾಲೇಜಿಗೆ ಮರಳಿ, ದಾಸ್ತಾನು ಪುಸ್ತಕದಲ್ಲಿ ‘ಪ್ರತಿಯೊಂದನ್ನೂ ತಪಾಸಣೆ ಮಾಡಿದ್ದೇನೆ, ಎಲ್ಲವೂ ಸುಸ್ಥಿತಿಯಲ್ಲಿವೆ’ ಎಂದು ಬರೆದು ಸಹಿ ಮಾಡಿದೆ. ತಪಾಸಣೆ ಮಾಡಿದ್ದು ಟೆಸ್ಟರುಗಳನ್ನು ಮಾತ್ರ, ಅದೂ ತಲೆಕೆಳಗಾಗಿ. ಅವತ್ತಿನ ನನ್ನ ಅಕ್ಷರ ಎಷ್ಟು ದುಂಡಗಿತ್ತೆಂದರೆ ಈಗ ನೆನೆದರೂ ಅಸಹ್ಯವಾಗುತ್ತದೆ.

ಪೂಜೆಯ ದಿನ ಬೆಳಿಗ್ಗೆ ವರ್ಕ್‌ಶಾಪನ್ನು ಕೊಡಗಟ್ಟಲೆ ನೀರು ಹೊಯ್ದು ತೊಳೆದಿದ್ದರು. ಸ್ವಿಚ್‌ಬೋರ್ಡಿನ ಮುಂದೆ ಸದಾ ಹಾಸಿರುತ್ತಿದ್ದ ರಬ್ಬರಿನ ಚಾಪೆಯನ್ನು, ಕಾಲು ತುಳಿದದ್ದು ಪೂಜೆಯ ಜಾಗದಲ್ಲಿ ಬೇಡವೆಂದು ಸುತ್ತಿ ಹೊರಗೆ ನಿಲ್ಲಿಸಿದ್ದರು. ಚಪ್ಪಲಿಗಳಂತೂ ಬಾಗಿಲಾಚೆ. ಇದನ್ನು ಯಾರೂ ಯಾರಿಗೂ ಹೇಳಬೇಕಾಗಿರಲಿಲ್ಲ. ನೇಕಾರರ ಮನೆಯ ಹುಡುಗಿ ಮಗ್ಗದ ಮುಂದೆ ಚಪ್ಪಲಿ ಹಾಕಿಕೊಂಡು ನಿಲ್ಲುವುದಿಲ್ಲ. ಹತ್ಯಾರಕ್ಕೂ ಅದೇ ಮರ್ಯಾದೆ. ಹದಿನೆಂಟು ಪೆಟ್ಟಿಗೆಗಳು ಬಾಯಿ ತೆರೆದುಕೊಂಡು ಸಾಲಾಗಿ ಕೂತಿದ್ದವು. ಎಲ್ಲಕ್ಕೂ ವಿಭೂತಿ, ಕುಂಕುಮ, ಚೆಂಡುಹೂವು. ಕಾಯಿ ಒಡೆದರು. ಅದರ ನೀರೂ ನೆಲದ ನೀರೂ ಕೂಡಿಕೊಂಡವು. ಗ್ರೀಸಿನ ಮೇಲೆ ಬಿದ್ದ ಕುಂಕುಮ ಕರಗಿ ಪಾನಾಗಳಿಂದ ಕೆಂಪಗೆ ಇಳಿಯುತ್ತಿತ್ತು.

ನಮ್ಮ ವರ್ಕ್‌ಶಾಪಿನ ಫಿಟರ್ ಸಕ್ಕರೆ ಕಾರ್ಖಾನೆಯೊಂದರಿಂದ ನಿವೃತ್ತರಾಗಿ ಬಂದವರು. ನಾನು ಇಲ್ಲಿಗೆ ಬಂದಾಗ ಸ್ಕ್ರೂ ಯಾವ ಕಡೆ ತಿರುಗಿಸಬೇಕೆಂದು ಕಲಿಸಿದವರು ಅವರೇ. “ಹೊಸಾ ಹತ್ಯಾರ ಪೂಜಿ ಆದ ಮ್ಯಾಲ ಒಮ್ಮೆ ಕೆಲಸಕ್ಕ ಮುಟ್ಟಿಸಬೇಕ್ರಿ ಬಾಯಾರ,” ಎಂದರು. “ಇಲ್ಲಾಂದ್ರ ಅವು ವರ್ಷಪೂರ್ತಿ ಮಲಗತಾವು.” ಒಬ್ಬಳು ಮೊಳೆ ಹೊಡೆದಳು, ಒಬ್ಬಳು ತಂತಿ ಕತ್ತರಿಸಿದಳು. ಟೆಸ್ಟರಿಗೆ ನಾನು ಚಿಮ್ಮಡದ ಒಬ್ಬ ಹುಡುಗಿಯನ್ನು ಕರೆದೆ. ತರಗತಿಯಲ್ಲಿ ಎಲ್ಲರಿಗಿಂತ ಮುಂದಿದ್ದವಳು. ನೀಲಿ ನೂಲಿನ ಟೆಸ್ಟರನ್ನು ಅವಳ ಪೆಟ್ಟಿಗೆಗೆ ಹಾಕಿದ್ದೂ ನಾನೇ. ಅದೊಂದು ಬಹುಮಾನ ಎಂಬಂತೆ.

ಆಡಳಿತ ಮಂಡಳಿಯ ಹಿರಿಯರು, “ಹೂಂ, ನೋಡೂಣು ನಮ್ಮ ವೈರಮನ್ ಬಾಯಿ ಕೈಚಳಕ!” ಎಂದು ನಕ್ಕರು. ಹುಡುಗಿ ನಾಚುತ್ತಲೇ ಬರಿಗಾಲಲ್ಲಿ, ಒದ್ದೆ ನೆಲದ ಮೇಲೆ ಬೋರ್ಡಿನ ಹತ್ತಿರ ಹೋಗಿ, ಕಲಿಸಿದ ಹಾಗೆಯೇ ಹಿಡಿಕೆ ಹಿಡಿದು, ತೋರುಬೆರಳನ್ನು ಟೋಪಿಯ ಮೇಲಿಟ್ಟು, ಟೆಸ್ಟರಿನ ತುದಿಯನ್ನು ತೂತಿನಲ್ಲಿಟ್ಟಳು.

ಕೆಂಪಗೆ ಒಂದು ಮಿಂಚು. ಅವಳ ಬಾಯಿಂದ ಬಂದದ್ದು ಕೂಗಲ್ಲ, ಉಸಿರು ಒಳಗೆ ಎಳೆದುಕೊಂಡ ಸದ್ದು. ಫಿಟರ್ ಮೇನ್ ಸ್ವಿಚ್ ಕೆಡವಿದರು. ಅಷ್ಟರಲ್ಲಿ ಅವಳು ಹಿಂದಕ್ಕೆ ಬಿದ್ದು ಪೆಟ್ಟಿಗೆಗಳ ನಡುವೆ ಕೂತಿದ್ದಳು. ಬೆರಳ ತುದಿ ಬಿಳಿಚಿ, ನಡುವೆ ಕರಿ ಚುಕ್ಕೆ. ತೋಳು ಮೇಲೆತ್ತಲು ಆಗುತ್ತಿರಲಿಲ್ಲ. ಆಟೋದಲ್ಲಿ ಹಾಕಿಕೊಂಡು ದವಾಖಾನೆಗೆ ಹೋದೆವು. ದಾರಿಯುದ್ದಕ್ಕೂ ಅವಳು ಹೇಳುತ್ತಿದ್ದದ್ದು ಒಂದೇ: “ನಾ ಬರೋಬರಿ ಹಿಡದಿದ್ದೇರಿ ಅಕ್ಕಾರ. ಖರೇನ ಬರೋಬರಿ ಹಿಡದಿದ್ದೆ.”

ಜೀವಕ್ಕೇನೂ ಆಗಲಿಲ್ಲ. ಡಾಕ್ಟರು ಬೆರಳಿಗೆ ಪಟ್ಟಿ ಕಟ್ಟಿ, ಒಂದು ರಾತ್ರಿ ಇಟ್ಟುಕೊಂಡು ಕಳಿಸಿದರು.

ಮರುದಿನ ಅವಳ ಅಪ್ಪ ಕಾಲೇಜಿಗೆ ಬಂದ. ಜಗಳವಾಡುತ್ತಾನೆ ಎಂದುಕೊಂಡಿದ್ದೆ, ಜಗಳವಾಡಿದ್ದರೆ ಚೆನ್ನಾಗಿತ್ತು. ಅವನು ಪ್ರಾಚಾರ್ಯರ ಮುಂದೆ ರುಮಾಲು ಕೈಯಲ್ಲಿ ಹಿಡಿದು ನಿಂತಿದ್ದ.

“ನಮ್ಮ ಹುಡುಗಿ ಒದ್ದಿ ಕೈಲೆ ಹಿಡದಾಳಂತಲ್ರಿ. ದೊಡ್ಡಾವ್ರ ಮುಂದ ತಪ್ಪ ಮಾಡ್ಯಾಳ. ಇನ್ನ ಮನ್ಯಾಗ ಕುಂದರಸ್ತೀವ್ರಿ. ಮಗ್ಗಕ್ಕ ನೂಲಿನ ಕಂಡಕಿ ಸುತ್ತತಾಳ.”

ಒದ್ದೆ ಕೈ ಎಂದು ಅವನಿಗೆ ಯಾರು ಹೇಳಿದರು? ಮೇಜಿನ ಮೇಲೆ ಉತ್ತರವಿತ್ತು. ‘ವಿದ್ಯಾರ್ಥಿನಿಯು ಸೂಚನೆ ಮೀರಿ ಒದ್ದೆ ಕೈಯಿಂದ ಉಪಕರಣ ಬಳಸಿದ್ದರಿಂದ’ ಎಂದು ಟೈಪು ಮಾಡಿದ ಹಾಳೆ. ಕೆಳಗೆ ನನ್ನ ಹೆಸರು, ಸಹಿಗೆ ಜಾಗ.

“ಸಹಿ ಮಾಡ್ರಿ ಮೇಡಂ,” ಎಂದರು ಪ್ರಾಚಾರ್ಯರು, ಅಪ್ಪ ಹೋದ ಮೇಲೆ. ದನಿ ಕೆಟ್ಟದಾಗಿರಲಿಲ್ಲ. “ಸಾಮಾನದ ತಪ್ಪು ಅಂದ್ರ ಖರೀದಿ ಮಾಡಿದವರ ತಪ್ಪು ಆಗತೈತಿ, ಅಂದ್ರ ನಿಮ್ಮದು. ನಿಮ್ಮದಂದ್ರ ಕೋರ್ಸಿಂದು. ಒಬ್ಬಾಕಿ ಹೋಗತಾಳ, ಹದಿನೇಳ ಮಂದಿ ಉಳೀತಾರ. ಯೋಚ್ನೆ ಮಾಡ್ರಿ.”

ಆ ಲೆಕ್ಕ ಕೇಳಿ ನನಗೆ ಅಸಹ್ಯವಾಯಿತು. ಅದಕ್ಕಿಂತ ಅಸಹ್ಯವಾದದ್ದು, ಒಂದು ಗಳಿಗೆ ಆ ಲೆಕ್ಕ ಸರಿ ಎಂದು ನನಗೂ ಅನ್ನಿಸಿದ್ದು. ದಿನಚರಿಯಲ್ಲಿ ಈ ‘ಒಂದು ಗಳಿಗೆ’ ಇಲ್ಲ. ಅಲ್ಲಿ ನಾನು ತಕ್ಷಣವೇ ಇಲ್ಲವೆಂದೆ ಎಂದು ಬರೆದುಕೊಂಡಿದ್ದೇನೆ. ದಿನಚರಿಯನ್ನು ನಂಬಬೇಡಿ. ಹಾಳೆಯನ್ನು ತೆಗೆದುಕೊಂಡು, ನಾಳೆ ಕೊಡುತ್ತೇನೆ ಎಂದು ವರ್ಕ್‌ಶಾಪಿಗೆ ಬಂದೆ.

ಫಿಟರ್ ನೀಲಿ ನೂಲಿನ ಟೆಸ್ಟರನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದರು. ಅದರ ಬಲ್ಬು ಒಳಗಿಂದ ಮಸಿ ಹಿಡಿದು ಕಪ್ಪಾಗಿತ್ತು.

“ಬಾಯಾರ, ಟೆಸ್ಟರ್ ಒಡೀತೈತಿ, ಮುರೀತೈತಿ, ಕಳೀತೈತಿ. ಸುಡೂದಿಲ್ರಿ. ಕಾರ್ಖಾನ್ಯಾಗ ಇಷ್ಟ ವರ್ಷ ತೆಗದೇನಿ, ಸುಟ್ಟ ಟೆಸ್ಟರ್ ನಾ ಕಂಡಿಲ್ಲ.”

ಆಗ ತಲೆಯಲ್ಲಿ ಏನೋ ತಣ್ಣಗೆ ಇಳಿಯಿತು. ಟೆಸ್ಟರಿನ ಒಳಗೆ ಬಲ್ಬಿನ ಜೊತೆ ಒಂದು ಸಣ್ಣ ರೆಸಿಸ್ಟರ್ ಇರುತ್ತದೆ, ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡದು. ಕರೆಂಟು ನಮ್ಮ ಮೈಯೊಳಗೆ ಹಾಯ್ದು ಭೂಮಿಗೆ ಹೋಗುವಾಗ ಅದನ್ನು ತಡೆದು, ನಮಗೆ ಗೊತ್ತೇ ಆಗದಷ್ಟು ಮಾತ್ರ ಬಿಡುವುದು ಅದೇ. ಅದಿದ್ದರೆ ಒದ್ದೆ ನೆಲದಲ್ಲಿ ಬರಿಗಾಲಲ್ಲಿ ನಿಂತರೂ ಬಲ್ಬು ಮಂಕಾಗಿಯೇ ಹೊತ್ತಬೇಕು. ಅದಿಲ್ಲದಿದ್ದರೆ? ಬಲ್ಬು ಚೆನ್ನಾಗಿ ಬೆಳಗುತ್ತದೆ. ಡೇರೆಯಲ್ಲಿ ನಾನು ಯಾವುದನ್ನು ಗುಣ ಎಂದು ಆರಿಸಿದೆನೋ ಅದೇ ರೋಗವಾಗಿತ್ತು. ಒಣ ನೆಲ, ಕಾಲಲ್ಲಿ ಚರ್ಮದ ಚಪ್ಪಲಿ ಇದ್ದದ್ದರಿಂದ ನನ್ನ ಬೆರಳು ಬರೀ ಜುಮ್ಮೆಂದಿತ್ತು.

ಆದರೆ ಇದು ಊಹೆ. ಮೀಟರು ಹಚ್ಚಿ ನೋಡಿದೆವು. ನಡುವೆ ಬಲ್ಬು ಇರುವುದರಿಂದ ಅದರ ಮುಳ್ಳು ಅಲುಗಲಿಲ್ಲ. ಒಳ್ಳೆಯ ಟೆಸ್ಟರಿನ ಟೋಪಿಯನ್ನು ತಿರುಗಿಸಿ ಬಿಚ್ಚಬಹುದು. ಇವುಗಳ ಟೋಪಿಗೆ ಅಂಟು ಹಾಕಿ ಕೂರಿಸಿದ್ದರು. ಒಡೆಯದೆ ಬೇರೆ ದಾರಿ ಇರಲಿಲ್ಲ.

ಅಷ್ಟರಲ್ಲಿ ಪ್ರಾಚಾರ್ಯರು ನಾಳೆಯವರೆಗೆ ಕಾಯದೆ ಹಾಳೆ ಕೇಳಲು ತಾವೇ ಬಂದರು. ನನ್ನ ಕೈಯಲ್ಲಿ ಸುತ್ತಿಗೆ ನೋಡಿ ಬಾಗಿಲಲ್ಲೇ ನಿಂತರು.

“ಏನ್ ಮಾಡಾಕತ್ತೀರಿ? ಪೂಜಿ ಮಾಡಿದ ಹತ್ಯಾರ ಅದು! ದಶಮಿ ಆಗಿ ಬನ್ನಿ ಕೊಡೂತನಕ ಅವನ್ನ ಅಲಗಾಡಸೂದಿಲ್ಲ, ನೀವು ಒಡ್ಯಾಕ ನಿಂತೀರಿ!”

ಫಿಟರ್ ನನ್ನ ಮುಖ ನೋಡಿದರು. ಅವರು ದಿನವೂ ಹಣೆಗೆ ಮೂರು ಬೆರಳು ವಿಭೂತಿ ಹಚ್ಚುವ ಮನುಷ್ಯ. “ಸಾಹೇಬ್ರ, ನೀವ ಹೇಳ್ರಿ,” ಎಂದರು ಮೆಲ್ಲಗೆ. “ಇದರ ಒಳಗ ಏನೈತಿ ಅಂತ ದೇವರಿಗೆ ಗೊತ್ತಿದ್ದರ, ಅಂವಾ ಪೂಜಿ ತಗೊಂಡಾನೇನ್ರಿ?”

ನಾನು ಟೆಸ್ಟರನ್ನು ಕಬ್ಬಿಣದ ಬಡಿಗಲ್ಲಿನ ಮೇಲಿಟ್ಟು ಹೊಡೆದೆ. ಹೊಡೆದದ್ದು ಅದೇ ಡೇರೆಯ ಸುತ್ತಿಗೆಯಿಂದ. ಸುತ್ತಿಗೆ ಚೆನ್ನಾಗಿ ಕೆಲಸ ಮಾಡಿತು.

ಒಳಗೆ ಮೊಳೆ ಇತ್ತು. ಸಣ್ಣ ಮೊಳೆ, ತಲೆ ಕತ್ತರಿಸಿದ್ದು. ರೆಸಿಸ್ಟರ್ ಎಷ್ಟು ಉದ್ದವಿರಬೇಕೋ ಸರಿಯಾಗಿ ಅಷ್ಟೇ ಉದ್ದ. ನಾನು ಅದನ್ನು ಅಂಗೈಯಲ್ಲಿಟ್ಟುಕೊಂಡು ಬಹಳ ಹೊತ್ತು ನೋಡಿದೆ. ಅವಸರದಲ್ಲಿ ಬಿಟ್ಟುಹೋದದ್ದಲ್ಲ. ಯಾರೋ ಕೂತು, ಅಳತೆ ಹಿಡಿದು, ಮೊಳೆಯ ತಲೆ ಹಾರಿಸಿ, ತುದಿ ಉಜ್ಜಿ, ಬಲ್ಬಿನ ಹಿಂದೆ ಕೂರಿಸಿ, ಯಾರೂ ಬಿಚ್ಚದಿರಲಿ ಎಂದು ಅಂಟು ಹಾಕಿದ್ದ. ಮೋಸಕ್ಕೆ ಇಷ್ಟು ಕಸುಬು ಬೇಕಾಗುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ಹೊರಗೆ ಹೋಗಿ ನಲ್ಲಿಯ ಕೆಳಗೆ ಮುಖ ತೊಳೆದುಕೊಂಡು ಬಂದೆ.

ಬಂದಾಗ ಪ್ರಾಚಾರ್ಯರು ಮೊಳೆಯನ್ನು ಎರಡು ಬೆರಳಲ್ಲಿ ಹಿಡಿದಿದ್ದರು. ಹಾಳೆ ಕೇಳಲಿಲ್ಲ. “ಉಳಿದವೂ ಒಡೀರಿ” ಎಂದು ಹೇಳಿ ಹೋದರು.

ಏಳೋ ಒಂಬತ್ತೋ ಟೆಸ್ಟರುಗಳಲ್ಲಿ ಮೊಳೆ ಇತ್ತು. ಡೇರೆಯಲ್ಲಿ ನಾನು ‘ಚೆನ್ನಾಗಿ ಹೊತ್ತುತ್ತವೆ’ ಎಂದು ಬೇರೆಯಿಟ್ಟವುಗಳಲ್ಲಿ ಒಂದೂ ಒಳ್ಳೆಯದಿರಲಿಲ್ಲ. ಬಸ್‌ಸ್ಟ್ಯಾಂಡ್ ಹಿಂದೆ ಹೋಗಿ ನೋಡಿದೆ. ಡೇರೆ ಎದ್ದು ಹೋಗಿತ್ತು. ಗೂಟದ ತೂತು, ಹುಲ್ಲು, ಒಡೆದ ಬಾಚಣಿಗೆ.

ದಸರಾ ರಜೆಯ ಉಳಿದ ದಿನಗಳನ್ನೆಲ್ಲ ಫಿಟರ್ ಮತ್ತು ನಾನು ಪೆಟ್ಟಿಗೆಗಳ ಮುಂದೆ ಕಳೆದೆವು. ಪೂಜೆಯಲ್ಲಿ ಕೂತಿದ್ದ ಒಂದೊಂದನ್ನೂ ತೆಗೆದು ದುಡಿಸಿ ನೋಡಿದೆವು. ನನಗೆ ಯಾವುದರ ಮೇಲೂ ನಂಬಿಕೆ ಉಳಿದಿರಲಿಲ್ಲ. ಅವರು ಮಾತ್ರ ನ್ಯಾಯಾಧೀಶರ ಹಾಗೆ ಶಾಂತವಾಗಿದ್ದರು. “ಸೋವಿ ಅಂದ ಮಾತ್ರಕ್ಕ ಬೈಬ್ಯಾಡ್ರಿ. ಏನ್ ಹೇಳತೈತಿ ಕೇಳೂಣು.”

ಮೊದಲು ಸ್ಕ್ರೂಡ್ರೈವರ್. ಹಳೆಯ ಸ್ಟಾರ್ಟರಿನ ಬಿಗಿ ಸ್ಕ್ರೂ ಮೇಲಿಟ್ಟು ತಿರುಗಿಸಿದರೆ ಸ್ಕ್ರೂ ಅಲುಗಲಿಲ್ಲ, ಸ್ಕ್ರೂಡ್ರೈವರಿನ ತುದಿಯೇ ಜಿಲೇಬಿಯ ಹಾಗೆ ಸುತ್ತಿಕೊಂಡಿತು. ಅವರು ಒಂದು ಉಪಾಯ ತೋರಿಸಿದರು: ತುದಿಯ ಮೇಲೆ ಅರ ಎಳೆಯಬೇಕು. ಅರ ಜಾರಿದರೆ ಉಕ್ಕು ಪಕ್ಕಾ. ಕಚ್ಚಿ ಪುಡಿ ಉದುರಿಸಿದರೆ ಎಸೆಯಬೇಕು. ಆದರೆ ಡೇರೆಯ ಅರದಿಂದ ಎಳೆದರೆ ಅರದ ಹಲ್ಲೇ ಬೋಳಾಯಿತು. ಫಿಟರ್ ಮೊದಲ ಸಲ ನಕ್ಕರು: “ಎರಡೂ ಬೀಗರು ನೋಡ್ರಿ. ಯಾರು ಯಾರಿಗೂ ಕಮ್ಮಿ ಇಲ್ಲ.”

ಪಾನಾ ಗಟ್ಟಿ ಬೋಲ್ಟಿನ ಮೇಲೆ ಬಾಯಿ ಅಗಲಿಸಿ, ಬೋಲ್ಟಿನ ಮೂಲೆಗಳನ್ನು ಸವೆಸಿಬಿಟ್ಟಿತು. ಪಾನಾ ಹೋದರೆ ಹೋಯಿತು, ಬೋಲ್ಟನ್ನೂ ತೆಗೆದುಕೊಂಡು ಹೋಗುತ್ತದೆ. ಪಕ್ಕಡುಗಳನ್ನು ಬಾಯಿ ಮುಚ್ಚಿ ಕಿಟಕಿಯ ಬೆಳಕಿಗೆ ಹಿಡಿದೆವು. ಹದಿನೆಂಟರಲ್ಲಿ ನಾಲ್ಕರ ಹಲ್ಲು ಮಾತ್ರ ಸರಿಯಾಗಿ ಕೂಡುತ್ತಿದ್ದವು. ಆ ನಾಲ್ಕೂ ತಂತಿ ಕತ್ತರಿಸುತ್ತಿದ್ದವು, ಆದರೆ ಹಿಡಿಕೆಯ ಪ್ಲಾಸ್ಟಿಕ್ಕು ಬೆವರುಗೈಯಲ್ಲಿ ಕಾಲುಚೀಲದ ಹಾಗೆ ಕಳಚಿ ಬರುತ್ತಿತ್ತು. ಕರೆಂಟಿನ ಕೆಲಸಕ್ಕೆ ಅವು ಬೇಡವೇ ಬೇಡ. ಬೇಲಿಯ ತಂತಿ ತಿರುಚಲು ಸಾಕು. ಟೇಪನ್ನು ಉಕ್ಕಿನ ಅಳತೆಪಟ್ಟಿಯ ಪಕ್ಕ ಇಟ್ಟರೆ ಎರಡು ಮೀಟರಿಗೆ ಹೆಬ್ಬೆರಳ ಅಗಲ ತಪ್ಪಿತ್ತು. ಅದರಲ್ಲಿ ಅಳೆದು ಪೈಪು ಕತ್ತರಿಸಿದವರು ಜೀವಮಾನವಿಡೀ ತಮ್ಮ ಕೈಯನ್ನೇ ಬೈದುಕೊಳ್ಳುತ್ತಾರೆ.

ಒಳ್ಳೆಯವೂ ಇದ್ದವು, ಹೇಳದಿದ್ದರೆ ಅದೂ ಮೋಸವೇ. ಸುತ್ತಿಗೆಯ ತಲೆ ಗಟ್ಟಿ ಕಬ್ಬಿಣ. ಹಿಡಿಕೆ ಸಡಿಲವಿತ್ತು, ಹೊಸ ಬೆಣೆ ಹೊಡೆದು ಒಂದು ರಾತ್ರಿ ನೀರಲ್ಲಿ ನೆನೆಹಾಕಿದ ಮೇಲೆ ಯಾವ ದೊಡ್ಡ ಅಂಗಡಿಯ ಸುತ್ತಿಗೆಗೂ ಸಮ. ಗರಗಸದ ಚೌಕಟ್ಟು ಚೆನ್ನಾಗಿತ್ತು, ಬ್ಲೇಡು ಕಸ. ಚೌಕಟ್ಟು ಅಲ್ಲಿ ಕೊಂಡು ಬ್ಲೇಡು ಬೇರೆ ಕಡೆ ಕೊಳ್ಳಬಹುದು. ತಗಡಿನ ಪೆಟ್ಟಿಗೆ ಎಲ್ಲಕ್ಕಿಂತ ಉತ್ತಮ.

ಇಷ್ಟು ದಿನಗಳ ಕೊನೆಗೆ ನನಗೆ ತಿಳಿದದ್ದು ಇಷ್ಟು. ಕೆಟ್ಟರೆ ಕೆಟ್ಟದ್ದು ಕಣ್ಣಿಗೆ ಕಾಣುವ ಸಲಕರಣೆಯನ್ನು ಅಗ್ಗಕ್ಕೆ ಕೊಳ್ಳಬಹುದು; ಸುತ್ತಿಗೆಯ ಹಿಡಿಕೆ ಸಡಿಲವಾದರೆ ಕೈಗೆ ಗೊತ್ತಾಗುತ್ತದೆ. ಕೆಟ್ಟಾಗಲೂ ಸರಿಯಿದ್ದಂತೆ ನಟಿಸುವುದನ್ನು, ನಮಗೆ ಏನನ್ನಾದರೂ ತಿಳಿಸಬೇಕಾದದ್ದನ್ನು, ನಮಗೂ ಕರೆಂಟಿಗೂ ನಡುವೆ ನಿಲ್ಲುವುದನ್ನು ಅಗ್ಗಕ್ಕೆ ಕೊಳ್ಳಬಾರದು. ಟೆಸ್ಟರು, ಟೇಪು, ಪಕ್ಕಡಿನ ಹಿಡಿಕೆ. ಇದನ್ನು ದೊಡ್ಡ ಅಕ್ಷರದಲ್ಲಿ ಬರೆದು ವರ್ಕ್‌ಶಾಪಿನ ಗೋಡೆಗೆ ಅಂಟಿಸಿದೆ. ದಾಸ್ತಾನು ಪುಸ್ತಕದಲ್ಲಿ ನನ್ನ ಸಹಿಯ ಕೆಳಗೆ ‘ಮೇಲಿನ ತಪಾಸಣೆ ಸುಳ್ಳು’ ಎಂದು ಬರೆದು ಮತ್ತೊಂದು ಸಹಿ ಮಾಡಿದೆ. ಟೈಪು ಮಾಡಿದ ಹಾಳೆಗೆ ಮಾಡಲಿಲ್ಲ.

ಸೂಟಿ ಮುಗಿಯುವ ಮೊದಲು ಚಿಮ್ಮಡಕ್ಕೆ ಹೋದೆ. ಹುಡುಗಿ ಪಡಸಾಲೆಯಲ್ಲಿ ಕೂತು ಎಡಗೈಯಲ್ಲಿ ಕಂಡಕಿ ಸುತ್ತುತ್ತಿದ್ದಳು. ಬಲಗೈ ಬೆರಳಿಗೆ ಪಟ್ಟಿ ಇತ್ತು. ನನ್ನನ್ನು ನೋಡಿ ಎದ್ದು ನಿಂತಳು, ತಲೆ ಎತ್ತಲಿಲ್ಲ. ನಾನು ಕಾಗದದ ಪೊಟ್ಟಣ ಬಿಚ್ಚಿ ಅವಳ ಅಂಗೈಗೆ ಮೊಳೆ ಹಾಕಿದೆ.

“ಏನ್ರಿ ಅಕ್ಕಾರ ಇದು?”

“ನಿನ್ನ ಟೆಸ್ಟರಿನ ಒಳಗಿದ್ದದ್ದು. ರೆಸಿಸ್ಟರ್ ಇರಬೇಕಾದ ಜಾಗದಲ್ಲಿ.”

ಅವಳಿಗೆ ಎರಡನೇ ಮಾತು ಬೇಕಾಗಲಿಲ್ಲ. ಒಳಗೆ ನೋಡಿ ಕೂಗಿದಳು: “ಅಪ್ಪಾ! ಬಾ ಇಲ್ಲೆ! ನಾ ಬರೋಬರಿನ ಹಿಡದಿದ್ದೆ, ಹೇಳಿದ್ದಿಲ್ಲೇನ?”

ಅಪ್ಪ ಬಂದು ಮೊಳೆಯನ್ನು ಹೊರಳಿಸಿ ನೋಡಿದ. “ಇದನ್ನ ಕೊಟ್ಟಾವ್ರು ಯಾರ್ರಿ?” ಎಂದ.

“ನಾನು” ಎಂದೆ.

ಅವನು ನನಗೆ ಚಹಾ ತರಿಸಿದ. ಆ ಚಹಾ ಕುಡಿಯುವುದು ನನಗೆ ಬಹಳ ಕಷ್ಟವಾಯಿತು. ಸೂಟಿ ಮುಗಿದ ಮೊದಲ ದಿನ ಹುಡುಗಿ ಬಸ್ಸಿಳಿದು ಬಂದಳು.

ಅಂದು ಚಿಮ್ಮಡದಿಂದ ಮರಳುವ ದಾರಿಯಲ್ಲೇ ಬನಹಟ್ಟಿಯಲ್ಲಿ ಇಳಿದು ಮಾಮಾನ ಶೆಡ್ಡಿಗೆ ಹೋಗಿದ್ದೆ. ಆಗ ಕರೆಂಟು ಹೋಗಿ ಮಗ್ಗಗಳೆಲ್ಲ ನಿಂತಿದ್ದವು. ಬಾಗಿಲಲ್ಲಿ ಚಪ್ಪಲಿ ಬಿಟ್ಟೆ. ಒಳಗೆ ಕಾಲಿಟ್ಟಾಗ ಅಂಗಾಲಿಗೆ ತಣ್ಣಗಾಯಿತು. ನೂಲು ಒಣಗಿ ಹರಿಯದಿರಲೆಂದು ನೆಲಕ್ಕೆ ನೀರು ಚಿಮುಕಿಸಿದ್ದರು, ಎಲ್ಲ ಶೆಡ್ಡುಗಳಲ್ಲಿ ಮಾಡುವ ಹಾಗೆ. ಮಗ್ಗದ ಹೆಂಗಸರು ಬರಿಗಾಲಲ್ಲಿ ಕೂತು ಹರಿದ ಎಳೆ ಕೂಡಿಸುತ್ತಿದ್ದರು. ಗೋಡೆಯ ಸ್ಟಾರ್ಟರ್ ಪೆಟ್ಟಿಗೆಯ ಪಕ್ಕ, ಎಲ್ಲರ ಕೈಗೆ ಸಿಗುವ ಹಾಗೆ, ನೂಲಿನಲ್ಲಿ ಕಟ್ಟಿದ ಒಂದು ಟೆಸ್ಟರ್ ತೂಗುತ್ತಿತ್ತು. ಅದೇ ಡೇರೆಯದು. ಅದಕ್ಕೂ ಕುಂಕುಮ ಹಚ್ಚಿದ್ದರು.

ಮೊಳೆಯ ಸಂಗತಿಯನ್ನು ನಾನು ಎರಡು ದಿನದ ಹಿಂದೆಯೇ ಮಾಮಾನಿಗೆ ಹೇಳಿ ಕಳಿಸಿದ್ದೆ.

ಟೆಸ್ಟರನ್ನು ಕಿತ್ತು ಕೈಯಲ್ಲಿ ಹಿಡಿದುಕೊಂಡೆ. ಮಾಮಾ ಮೂಲೆಯ ಮಗ್ಗದ ಮೋಟಾರು ಬಿಚ್ಚಿಕೊಂಡು ಕೂತಿದ್ದ. ಅಂಗಿಯ ಕಿಸೆಯಲ್ಲಿ ಜೇನುಬಣ್ಣದ ಹಿಡಿಕೆ ಕಾಣುತ್ತಿತ್ತು.

“ಬಾ ಬೇ ಮಾಸ್ತರಣಿ,” ಎಂದ. “ನಿಮ್ಮ ಹುಡುಗಿ ಹೆಂಗದಾಳ?”

ನಾನ್ಯಾಕೆ ಬಂದೆ ಎಂದು ಅವನಿಗೆ ಗೊತ್ತಿತ್ತು ಎಂದು ಈಗ ಅನ್ನಿಸುತ್ತದೆ. ಮಾಮಾನ ವಿಷಯದ ಒಂದು ಸಂಗತಿ ಎಂದು ನಾನು ಶುರುವಿನಲ್ಲಿ ಹೇಳಿದ್ದು ಇದು: ನನ್ನ ನೆನಪಿನಲ್ಲಿ, ಆವತ್ತು ಡೇರೆಯಲ್ಲಿ ನಾನು ಬೋರ್ಡಿಗೆ ಟೆಸ್ಟರ್ ಹಚ್ಚುವ ಮೊದಲು, ಮಾಮಾ ತನ್ನ ಕಿಸೆಯ ಟೆಸ್ಟರ್ ತೆಗೆದು ಆ ಬೋರ್ಡಿನಲ್ಲಿ ಕರೆಂಟು ಇದೆಯೇ ಎಂದು ನೋಡಿದ್ದ. ದಿನಚರಿಯಲ್ಲಿ ಆ ದಿನ ‘ಮಾಮಾ ಜೊತೆಗಿದ್ದ’ ಎಂದಷ್ಟೇ ಇದೆ. ನಡೆದದ್ದನ್ನು ನೆನಪಿಟ್ಟಿದ್ದೇನೋ, ಆಮೇಲಿನ ಸಿಟ್ಟಿನಲ್ಲಿ ಹುಟ್ಟಿಸಿಕೊಂಡಿದ್ದೇನೋ, ನನಗೆ ಗೊತ್ತಿಲ್ಲ. ಆದರೆ ಆ ಶೆಡ್ಡಿನಲ್ಲಿ, ಅಂಗಾಲಿನ ಕೆಳಗಿನ ಆ ನೀರು, ಗೋಡೆಯ ಮೇಲಿಂದ ಕಿತ್ತ ಟೆಸ್ಟರು, ಕಿಸೆಯ ಆ ಹಳೆಯ ಹಿಡಿಕೆ, ಇವು ನೆನಪಿನ ಆಟವಲ್ಲ. ಕೇಳಿದೆ. ಎಳೆ ಕೂಡಿಸುತ್ತಿದ್ದ ಹೆಂಗಸರು ಕೈ ನಿಲ್ಲಿಸಿ ನಮ್ಮ ಕಡೆ ನೋಡಿದರು. ಅಷ್ಟರಲ್ಲಿ ಕರೆಂಟು ಬಂತು. ಮಾಮಾ ಎದ್ದು ಹೋಗಿ ಸ್ಟಾರ್ಟರ್ ಒತ್ತಿದ, ಉಳಿದ ಹನ್ನೊಂದು ಮಗ್ಗಗಳು ಒಟ್ಟಿಗೆ ಬಡಿಯತೊಡಗಿದವು.

ಆಮೇಲೂ ಎರಡು ಸಲ ಕೇಳಿದ್ದೇನೆ, ಒಮ್ಮೆ ತಂಗಿಯ ಮದುವೆಯಲ್ಲಿ, ಒಮ್ಮೆ ಅವನ ಕಣ್ಣಿನ ಆಪರೇಷನ್ ಆದಾಗ ಹಾಸಿಗೆಯ ಪಕ್ಕ ಕೂತು. ಮೂರು ಸಲವೂ ಅದೇ ಮಾತು, ಬೇರೆ ಮಾಡಿ ಕೇಳಲು ನನಗೆ ಬರುವುದಿಲ್ಲ:

“ಮಾಮಾ, ಆ ಟೆಸ್ಟರ್ ನಿನ್ನ ಮಗ್ಗದ ಹೆಣ್ಣಮಕ್ಕಳಿಗೆ ಛಲೋ ಇತ್ತಂದ್ರ, ನನ್ನ ಹುಡುಗ್ಯಾರಿಗೆ ಛಲೋ ಇತ್ತಂದ್ರ, ನಿನ್ನ ಕಿಸೆದಾಗ ಹಳೇದ ಯಾಕಿತ್ತು?”